ಖಾಡಿಯ ಮರುವಾಯಿ ಹೇಳುವ ಸಾಕ್ಷಿ

ದಿನವೂ ಲೋಕಲ್ ರೈಲಿನಲ್ಲಿ ಥಾಣೆ ದಾಟುವ ನೀವು ಐರೋಲಿಯ ಖಾಡಿಗೆ ಎಂದಾದರೂ ಇಳಿದಿದ್ದೀರಾ? ಇಲ್ಲವಾದರೆ ಚಳಿಗಾಲದ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾದ ಈ ಥಾಣೆ ಖಾಡಿ 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತರೆ ಇಕ್ಕೆಲಗಳಲ್ಲೂ ಕಾಂಡ್ಲಾ ಕಾಡು, ನಡುವೆ ಗುಲಾಬಿ ಹಕ್ಕಿಗಳ ಹಿಂಡು. ತುಸು ತಲೆಯೆತ್ತಿದರೆ ಥಾಣೆ-ಬೇಲಾಪುರದ ಕಾರ್ಖಾನೆಗಳ ಸಾಲು!

ನಾವು ದಡಕ್ಕೆ ಮರಳುವಾಗ ಇಳಿತ ಶುರುವಾಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಕೋಲಿ ಹೆಂಗಸರು ತಿಸ್ರ್ಯಾ ಹೆಕ್ಕುತ್ತಿದ್ದರು. ಅದೇ ನಮ್ಮ ತುಳುನಾಡಿನ ಮರುವಾಯಿ, ಉತ್ತರ ಕನ್ನಡದವರ ಬಳಚು. ಅಮ್ಮ ಮಾಡುತ್ತಿದ್ದ ಮರುವಾಯಿ ಪುಂಡಿ ನೆನಪಾಗಿ ಬಾಯಲ್ಲಿ ನೀರೂರಿತು. ಆದರೆ ಜೊತೆಗಿದ್ದ, ಮೀನುಗಾರಿಕೆ ಓದುತ್ತಿರುವ ನೆರೆಮನೆಯ ಹುಡುಗ ಮೆಲ್ಲನೆ ಅಂದ: "ಮಾವ, ಇಲ್ಲಿಯದನ್ನು ಪರೀಕ್ಷಿಸದೆ ತಿನ್ನಬಾರದು."

ಮೀನು ಈಜಿ ಬೇರೆಡೆಗೆ ಹೋದೀತು. ಮರುವಾಯಿ ಇದ್ದಲ್ಲೇ ಇದ್ದು ನೀರನ್ನು ಸೋಸಿ ಆಹಾರ ಪಡೆಯುತ್ತದೆ. ನೀರಿನಲ್ಲಿರುವ ಪಾದರಸ, ಸೀಸ, ಕ್ಯಾಡ್ಮಿಯಂ ಮೈಯಲ್ಲಿ ಶೇಖರವಾಗುತ್ತವೆ. ಆದ್ದರಿಂದ ಆ ಜಾಗದ ಆರೋಗ್ಯಕ್ಕೆ ಅದೇ ಸಾಕ್ಷಿ. ಪ್ರಯೋಗಾಲಯದಲ್ಲಿ ಮಾಂಸ ಬಿಡಿಸಿ, ಅರೆದು, ಆಮ್ಲದಲ್ಲಿ ಕರಗಿಸಿ, ಯಂತ್ರದಲ್ಲಿ ಅಳೆಯುತ್ತಾರೆ. ಲೆಕ್ಕವೆಲ್ಲ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಎಂಬುದರಲ್ಲಿ. ಪಾದರಸವನ್ನು ತೊಳೆದರೂ ಬೇಯಿಸಿದರೂ ತೆಗೆಯಲಾಗದು. ಹುಳಿ-ಖಾರದ ಮಸಾಲೆಗೂ ಅದು ಬಗ್ಗುವುದಿಲ್ಲ. ಸಣ್ಣ ಮೀನನ್ನು ದೊಡ್ಡದು ತಿಂದಂತೆ ಅದರ ಪ್ರಮಾಣ ಏರುತ್ತದೆ. ಆದ್ದರಿಂದಲೇ ಬಸುರಿಯರೂ ಮಕ್ಕಳೂ ಶಾರ್ಕ್‌ನಂಥ ದೊಡ್ಡ ಮೀನುಗಳಿಂದ ದೂರವಿರುವುದು ಒಳಿತು. ಬೂತಾಯಿ, ಬಂಗುಡೆಗಳಲ್ಲಿ ಈ ಭಯ ಬಹಳ ಕಡಿಮೆ.

ಪರೀಕ್ಷೆಯನ್ನು ಲಘುವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ಜಪಾನಿನ ಮಿನಮಾಟಾ ಊರೇ ಉದಾಹರಣೆ. ಕಾರ್ಖಾನೆಯ ಪಾದರಸ ಬೆರೆತ ಕೊಲ್ಲಿಯ ಮೀನು, ಚಿಪ್ಪುಗಳನ್ನು ತಿಂದು ಸಾವಿರಾರು ಜನ ನರರೋಗಕ್ಕೆ ತುತ್ತಾದರು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ಆ ತ್ಯಾಜ್ಯ ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷಗಳನ್ನು ನೀವೇ ಯೋಚಿಸಿ. ಆ ಊರಿನ ಹೆಸರಿನದೇ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು.

ಬುಟ್ಟಿ ತುಂಬಿಸಿಕೊಂಡು ಬಂದ ಒಬ್ಬ ಮುದುಕಿಯನ್ನು ಮಾತಿಗೆಳೆದೆ. "ಸಾಹೇಬ, ಪರೀಕ್ಷೆಗೆಂದು ಚೀಲದಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಏನು ಸಿಕ್ಕಿತೆಂದು ಹೇಳಲು ಒಬ್ಬರೂ ತಿರುಗಿ ಬಂದದ್ದಿಲ್ಲ" ಎಂದಳು ಮರಾಠಿಯಲ್ಲಿ.

ನಾನು ಅಂದು ಕೊಳ್ಳಲಿಲ್ಲ. ಮನೆಯಲ್ಲಿ ಮೊಮ್ಮಗು ಇದೆ. ಆದರೆ ಮಾರಾಟವಾಗದೆ ಉಳಿದದ್ದನ್ನು ಆಕೆ ತನ್ನ ಮನೆಯಲ್ಲೇ ಬೇಯಿಸುತ್ತಾಳೆ, ಅವಳಿಗೂ ಮೊಮ್ಮಕ್ಕಳಿದ್ದಾರೆ. ಪರೀಕ್ಷೆಯ ಫಲಿತಾಂಶ ವರದಿಯ ಪುಟಗಳಲ್ಲೇ ಉಳಿಯದೆ, ಅವಳ ಭಾಷೆಯಲ್ಲಿ, ಇದೇ ದಡದ ಹಲಗೆಯ ಮೇಲೆ ಬರೆದಿರಬೇಕು. ನೀವು ಅಲ್ಲಿಗೆ ಹೋದಾಗ ಹಕ್ಕಿಗಳನ್ನು ಕಣ್ತುಂಬ ನೋಡಿ. ಹಾಗೆಯೇ ಅಂಥ ಹಲಗೆ ಬಂದಿದೆಯೇ ಎಂದು ಒಮ್ಮೆ ಹುಡುಕಿ. ಇಲ್ಲದಿದ್ದರೆ ಅಲ್ಲಿಯ ಅಧಿಕಾರಿಗಳನ್ನು ಕೇಳಿ.