ನನ್ನ ಸ್ವಾತಂತ್ರ್ಯ, ಹೆಂಡತಿ ಫೋನು

ಮೊನ್ನೆ ರಾತ್ರಿ ಒಂಬತ್ತೂವರಿಗೆ ನಮ್ಮವ್ವನ ಬಿ.ಪಿ. ಗುಳಗಿ ಮುಗದಾವ ಅಂತ ಗೊತ್ತಾತು. ಇದ್ದ ಅರಬ್ಯಾಗ ಔಷಧ ಅಂಗಡಿಗೆ ಓಡಿದೆ. ಗುಳಗಿ ಕೈಗೆ ಬಂದ ಮ್ಯಾಲೆ ನೋಡತೇನಿ, ಪಾಕೀಟು ಮನ್ಯಾಗ. ಕಿಸೆದಾಗ ಫೋನ್ ಇತ್ತು ಖರೆ, ಆದ್ರ ಅದರಾಗ ರೊಕ್ಕಾ ಕೊಡೋ ಆ್ಯಪ್ ನಡಿಯಂಗಿಲ್ಲ. ಅಂಗಡಿಯಾಂವ ಅರ್ಧಾ ಷಟರ್ ಇಳಿಸಿ ನನ್ನ ಮಾರಿ ನೋಡಲಿಕತ್ತಿದ್ದ. ಕಡೀಕೆ ಹೆಂಡತಿಗೆ ಫೋನ್ ಹಚ್ಚಿದೆ, ಆಕಿ ಮನ್ಯಾಗ ಕೂತ ರೊಕ್ಕಾ ಕಳಿಸಿದ್ಲು.

ಈ ಫಜೀತಿ ನಾನ ಮಾಡ್ಕೊಂಡಿದ್ದು. ನನ್ನ ಫೋನಿಗೆ ಐದು ವರ್ಷ ಆಗಿ ಕಂಪನಿಯವ್ರು ಅಪ್‌ಡೇಟ್ ನಿಲ್ಲಿಸಿದ್ರು. ಫೋನ್ ಗಟ್ಟಿ ಇತ್ತು, ಒಗೀಲಿಕ್ಕೆ ಮನಸ್ಸಾಗಲಿಲ್ಲ. ಒಂದ ರವಿವಾರ ಫೋಟೋ ಎಲ್ಲಾ ಬ್ಯಾರೆ ಕಡೆ ಇಟ್ಟು, ಬೂಟ್‌ಲೋಡರ್ ಬೀಗಾ ತಗದು, ಲಿನೇಜ್‌ಒಎಸ್ ಹಾಕಿದೆ. ಆಂಡ್ರಾಯ್ಡಿನ ಮೂಲ ಕೋಡ್ ಮುಕ್ತ ಅದ, ಅದರ ಮ್ಯಾಲೆ ಗೂಗಲ್‌ನವ್ರು ಕೂಡಿಸೋ ಪ್ಲೇ ಸ್ಟೋರ್, ಮ್ಯಾಪ್ಸ್ ಇವೆಲ್ಲಾ ಮುಚ್ಚಿದ ಡಬ್ಬಿ. ಬರೇ ಆ ಮುಕ್ತ ಭಾಗದ ಮ್ಯಾಲೆ ಕಟ್ಟಿದ್ದು ಈ ಲಿನೇಜ್. 2016ರ ಕೊನಿಗೆ ಸಯನೋಜೆನ್‌ಮಾಡ್ ನಿಂತಾಗ ಅದರ ಜಾಗಾದಾಗ ಹುಟ್ಟಿದ್ದು. ಆ್ಯಪ್ ಬೇಕಂದ್ರ ಎಫ್-ಡ್ರಾಯ್ಡ್ ಅದ, ಅದರಾಗ ಇರೋವೆಲ್ಲಾ ಮುಕ್ತ ತಂತ್ರಾಂಶನ.

ನಂಗ ಭಾರೀ ಹೆಮ್ಮಿ. ತಂತ್ರಾಂಶ ನಡಸೋದು, ಅದರೊಳಗ ಏನದ ನೋಡೋದು, ತಿದ್ದೋದು, ಹಂಚೋದು, ಈ ನಾಲ್ಕು ಹಕ್ಕು ಬಳಸೋರಿಗೆ ಇರಬೇಕು ಅಂತ ರಿಚರ್ಡ್ ಸ್ಟಾಲ್ಮನ್ ಹೇಳಿದ್ದನ್ನ ಮನೀ ಮಂದಿಗೆಲ್ಲಾ ಊಟಕ್ಕ ಕೂತಾಗ ಹೇಳಿದ್ದ ಹೇಳಿದ್ದು. ಬೀಗಾ ತಗದ ಫೋನ್ ಕಂಡ್ರ ಬ್ಯಾಂಕಿನ ಆ್ಯಪ್ ಹೆದರತಾವ ಅನ್ನೋದು ಆಮ್ಯಾಲೆ ಅನುಭವಕ್ಕ ಬಂತು. ಆ ಹೆದರಿಕಿ ಪೂರಾ ಸುಳ್ಳೂ ಅಲ್ಲ ಬಿಡ್ರಿ, ಬೀಗಾ ಇಲ್ಲದ ಮನ್ಯಾಗ ಯಾರ ಹೊಕ್ಕಾರೋ ಹೆಂಗ ಗೊತ್ತಾಗಬೇಕು?

ಆವತ್ತು ಮನಿಗೆ ಬಂದಾಗ ಹೆಂಡತಿ ಸಿಟ್ಟಿಗೇಳಲಿಲ್ಲ. ಸಮಾಧಾನದಿಂದ,

“ರೀ, ಮೂರು ತಿಂಗಳಾತು, ಸಿಲಿಂಡರ್, ಕರೆಂಟ್ ಬಿಲ್ಲು, ಹಾಲಿನವಂದು, ಹುಡುಗನ ವ್ಯಾನಿಂದು, ಎಲ್ಲಾ ನನ್ನ ಫೋನಿಂದನ ಹೊಂಟದ. ನಿಮ್ಮ ಫೋನಿಗೆ ಸ್ವಾತಂತ್ರ್ಯ ಬಂತು, ನನಗ ಕೆಲಸಾ ಬಂತು” ಅಂದ್ಲು.

ನಂಗ ಬಾಯಿ ಬರಲಿಲ್ಲ. ಮುಚ್ಚಿದ ಡಬ್ಬಿ ನಾ ಬಿಟ್ಟಿರಲಿಲ್ಲ, ಆಕಿ ಕೈಯಾಗ ಕೊಟ್ಟಿದ್ದೆ ಅಷ್ಟ. ಆಕಿ ಮಾಹಿತಿ ಹೋದ್ರ ಹೋಗಲಿ, ನಂದು ಉಳೀಲಿ ಅಂದಂಗ ಆತು.

ಹೋದ ವಾರ ಹೊಸಾ ಫೋನ್ ತಗೊಂಡೆ. ಅಂಗಡ್ಯಾಗ ಕ್ಯಾಮೆರಾ ಕೇಳಲಿಲ್ಲ, ಎರಡ ಪ್ರಶ್ನೆ ಕೇಳಿದೆ: ಅಪ್‌ಡೇಟ್ ಎಷ್ಟು ವರ್ಷ ಬರತದ, ಮುಂದ ಬೀಗಾ ತಗೀಲಿಕ್ಕೆ ಕಂಪನಿ ಬಿಡತದೋ ಇಲ್ಲೋ. ಎರಡನೇದ್ದಕ್ಕ ಅಂಗಡಿ ಹುಡುಗನ ಕಡೆ ಉತ್ತರ ಇರಲಿಲ್ಲ, ಕಂಪನಿ ಪುಟಾ ನಾನ ಹುಡುಕಿ ನೋಡಿದೆ. ಸದ್ಯ ಬೀಗಾ ಹಂಗ ಅದ. ಆದ್ರ ಎಫ್-ಡ್ರಾಯ್ಡ್ ಹಾಕ್ಕೊಳ್ಳಲಿಕ್ಕೆ ಬೀಗಾ ತಗೀಬೇಕಂತಿಲ್ಲ, ಹಿಂಗಾಗಿ ಕೀಬೋರ್ಡ್, ನಕಾಶಿ, ಟಿಪ್ಪಣಿ ಎಲ್ಲಾ ಮುಕ್ತದ್ದ ಅವ. ಹಳೇ ಫೋನ್ ಲಿನೇಜ್ ಜೋಡಿ ಓದಲಿಕ್ಕೆ, ಹಾಡು ಕೇಳಲಿಕ್ಕೆ ಉಳದದ.

ಸಿಲಿಂಡರ್ ಬುಕ್ ಮಾಡೋ ಪಾಳಿ ಈಗ ನಂದು.