ಯಂತ್ರದ ಮಾತು, ತಾಯಿಯ ಮಾತು

ಬ್ಯಾಂಕಿನ ಲೆಕ್ಕ ತಪ್ಪುವುದಿಲ್ಲ ಎಂಬುದು ನಮ್ಮ ಹಿರಿಯರ ಕಾಲದಿಂದ ಬಂದ ನಂಬಿಕೆ. ದಪ್ಪ ಖಾತೆ ಪುಸ್ತಕಗಳ ಆ ದಿನಗಳಲ್ಲಿ ಗುಮಾಸ್ತರು ಕೈಬರಹದಲ್ಲಿ ಒಂದು ಸಾಲು ಬರೆದು, ಚಿಕ್ಕ ಸಹಿ ಹಾಕಿ, ಪಾಸ್‌ಬುಕ್ಕನ್ನು ಕಿಟಕಿಯಿಂದ ಹೊರಗೆ ನೂಕಿದರೆ ಅದನ್ನು ಪ್ರಶ್ನಿಸುವ ಧೈರ್ಯ ಬಡವರಿಗೆ ಇರಲಿಲ್ಲ. ಇಂದು ಗುಮಾಸ್ತರ ಸ್ಥಾನದಲ್ಲಿ ಯಂತ್ರ ಕುಳಿತಿದೆ. ಮನುಷ್ಯ ಬರೆದದ್ದನ್ನೇ ಪ್ರಶ್ನಿಸದವರು ಯಂತ್ರ ಮುದ್ರಿಸಿದ್ದನ್ನು ಪ್ರಶ್ನಿಸುವುದುಂಟೇ? ಆದರೆ ಪ್ರಿಯ ಓದುಗರೇ, ಯಂತ್ರದ ಲೆಕ್ಕವೂ ತಪ್ಪುತ್ತದೆ. ಹಾಗೆ ತಪ್ಪಿದಾಗ ಒಂದು ಮನೆಯೊಳಗೆ ಏನೇನು ಮುರಿಯುತ್ತದೆ ಎಂಬುದನ್ನು 2023ರ ಮಳೆಗಾಲದಲ್ಲಿ ನಾನು ಹತ್ತಿರದಿಂದ ಕಂಡೆ. ಸಂಬಂಧಪಟ್ಟ ತಾಯಿಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ, ಊರನ್ನಾಗಲಿ, ಬ್ಯಾಂಕುಗಳ ಹೆಸರನ್ನಾಗಲಿ ಇಲ್ಲಿ ಹುಡುಕಬೇಡಿ.

ಆ ತಾಯಿ ನಾನಾಗ ಸೇವೆಯಲ್ಲಿದ್ದ ಧರ್ಮಕೇಂದ್ರದವರು, ಅರವತ್ತೆಂಟು ವರ್ಷದ ವಿಧವೆ. ದಿವಂಗತ ಪತಿಯ ಕುಟುಂಬ ಪಿಂಚಣಿಯೇ ಅವರ ಕೈಹಣ. ಹಿರಿಯ ಮಗನ ಮನೆಯಲ್ಲಿ ವಾಸ. ಮೊಮ್ಮಗಳ ಶಾಲಾ ಶುಲ್ಕಕ್ಕೆಂದು ಹತ್ತು ಸಾವಿರ ರೂಪಾಯಿ ಕೊಡುವುದಾಗಿ ಮಗನಿಗೆ ಮಾತು ಕೊಟ್ಟಿದ್ದರು. ಜೂನ್ 10 ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಆದ್ದರಿಂದ ಬಸ್ ನಿಲ್ದಾಣದ ಬಳಿ ಬೇರೊಂದು ಬ್ಯಾಂಕಿನ ಎಟಿಎಂಗೆ ಹೋದರು. ಕಾರ್ಡು ಹಾಕಿದರು, ಗುಪ್ತ ಸಂಖ್ಯೆ ಒತ್ತಿದರು. ಯಂತ್ರದೊಳಗೆ ನೋಟು ಎಣಿಸುವ ಸದ್ದು ಕೇಳಿಸಿತು, ನಿಂತಿತು. ಬಾಗಿಲು ತೆರೆಯಲಿಲ್ಲ, ಚೀಟಿಯೂ ಬರಲಿಲ್ಲ. ಮೊಬೈಲಿಗೆ ಮಾತ್ರ ಸಂದೇಶ ಬಂತು: ಖಾತೆಯಿಂದ ಹತ್ತು ಸಾವಿರ ಕಡಿತವಾಗಿದೆ.

ಸೋಮವಾರ ತಮ್ಮ ಶಾಖೆಗೆ ಹೋದರೆ, "ಇಪ್ಪತ್ತನಾಲ್ಕು ಗಂಟೆ ಕಾಯಿರಿ, ತಾನಾಗಿಯೇ ಬರುತ್ತದೆ" ಎಂದರು. ಬರಲಿಲ್ಲ. ಮತ್ತೆ ಹೋದಾಗ, "ಯಂತ್ರ ನಮ್ಮದಲ್ಲ, ಯಂತ್ರದವರನ್ನು ಕೇಳಿ" ಎಂದರು. ಯಂತ್ರದವರು, "ಕಾರ್ಡು ನಮ್ಮದಲ್ಲ, ನಿಮ್ಮ ಬ್ಯಾಂಕಿಗೆ ಹೋಗಿ" ಎಂದರು. ಇಬ್ಬರ ನಡುವೆ ಮೂರು ಸಲ ನಡೆದ ಮೇಲೆ ಯಾರೋ ಪುಣ್ಯಾತ್ಮರು ದೂರವಾಣಿಯಲ್ಲಿ ದೂರು ದಾಖಲಿಸಿಕೊಟ್ಟರು. ಜೂನ್ ಕೊನೆಯಲ್ಲಿ ಅದಕ್ಕೆ ಉತ್ತರವೂ ಬಂತು: ವ್ಯವಹಾರ ಯಶಸ್ವಿಯಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ.

ಆ ಸಂದೇಶವನ್ನು ಓದಿ ಹೇಳಿದವನು ಮಗ. ಇಲ್ಲಿ ಒಂದು ಹಿನ್ನೆಲೆಯನ್ನು ನೀವು ತಿಳಿಯಬೇಕು. ಆ ತಾಯಿಗೆ ಕಷ್ಟದಲ್ಲಿರುವ ಕಿರಿಯ ಮಗಳೊಬ್ಬಳಿದ್ದಾಳೆ. ಪಿಂಚಣಿಯಲ್ಲಿ ಅಷ್ಟಿಷ್ಟು ಉಳಿಸಿ, ಮನೆಯಲ್ಲಿ ಹೇಳದೆ ಅವಳಿಗೆ ಕೊಟ್ಟಿದ್ದು ಹಿಂದೊಮ್ಮೆ ಬಯಲಾಗಿತ್ತು. ಮಗ ಕೆಟ್ಟವನಲ್ಲ. ಆದರೆ ಅವನು ಹೇಳಿದ ಮಾತು ಇದು: "ಅಮ್ಮಾ, ಕೊಟ್ಟಿದ್ದರೆ ಕೊಟ್ಟೆ ಅಂತ ಹೇಳು. ಮಿಷನ್ ಮೇಲೆ ಯಾಕೆ ಹಾಕ್ತೀಯ? ಮಿಷನ್ ಸುಳ್ಳು ಹೇಳುತ್ತಾ?"

ಜುಲೈ ಮೊದಲ ವಾರ ಅವರು ಗುರುಮನೆಯ ಜಗುಲಿಯಲ್ಲಿ ಕುಳಿತು ಇದನ್ನೆಲ್ಲ ಹೇಳಿ, ಕೊನೆಗೆ, "ಸ್ವಾಮಿ, ದುಡ್ಡು ಹೋದರೆ ಹೋಗಲಿ. ನನ್ನ ಮಾತು ಹೋಯಿತಲ್ಲ" ಎಂದರು.

ನಾನು ಬ್ಯಾಂಕಿನ ವ್ಯವಹಾರ ಬಲ್ಲವನಲ್ಲ. ನಮ್ಮ ತರಬೇತಿಯಲ್ಲಿ ತತ್ತ್ವಶಾಸ್ತ್ರವಿತ್ತು, ದೈವಶಾಸ್ತ್ರವಿತ್ತು, ಜಮಾ ಖರ್ಚು ಇರಲಿಲ್ಲ. ಆದರೂ ಓದಲು ಬರುತ್ತದೆಯಲ್ಲ! ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯೊಂದನ್ನು ಹುಡುಕಿ ಓದಿದೆ. ಎಟಿಎಂನಲ್ಲಿ ಖಾತೆಯಿಂದ ಹಣ ಕಡಿತವಾಗಿ ನೋಟು ಬಾರದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಹಣವನ್ನು ಬ್ಯಾಂಕು ತಾನಾಗಿಯೇ ಮರಳಿಸಬೇಕು. ತಡವಾದ ಪ್ರತಿಯೊಂದು ದಿನಕ್ಕೆ ನೂರು ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಜಮೆ ಮಾಡಬೇಕು ಎಂದು ಅದು ವಿಧಿಸಿತ್ತು. ಇಂಥ ನಿಯಮ ಅದಕ್ಕೂ ಮುಂಚೆ ಇತ್ತು. 2011ರ ಜುಲೈಯಿಂದ ಏಳು ಕೆಲಸದ ದಿನಗಳ ಗಡುವು ಜಾರಿಯಲ್ಲಿತ್ತು. ಯಂತ್ರ ಯಾವ ಬ್ಯಾಂಕಿನದೇ ಆಗಿರಲಿ, ದೂರು ಕೊಡಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ಅಂದರೆ ಆ ತಾಯಿಯನ್ನು ಮೂರು ಸಲ ಬಿಸಿಲಿನಲ್ಲಿ ನಡೆಸಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ. ಗ್ರಾಹಕರು ಕೇಳದಿದ್ದರೂ ಕೊಡಬೇಕಾದದ್ದನ್ನು ಇಲ್ಲಿ ಕೇಳಿದರೂ ಕೊಟ್ಟಿರಲಿಲ್ಲ.

ಪತ್ರ ಬರೆಯಲು ಕುಳಿತೆವು. ನಿಮಗೂ ಎಂದಾದರೂ ಇಂಥ ಸಂದರ್ಭ ಬಂದೀತು, ಆದ್ದರಿಂದ ಪತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದರಲ್ಲಿ ದುಃಖ ಬರೆಯಲಿಲ್ಲ, ಬೈಗುಳ ಬರೆಯಲಿಲ್ಲ. ದಿನಾಂಕ, ಸಮಯ, ಮೊತ್ತ, ಮೊಬೈಲ್ ಸಂದೇಶದ ಪೂರ್ಣಪಾಠ, ಖಾತೆ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಗುಪ್ತ ಸಂಖ್ಯೆಯನ್ನು ಎಲ್ಲಿಯೂ, ಯಾರಿಗೂ ಬರೆದುಕೊಡಬಾರದೆಂದು ಬೇರೆ ಹೇಳಬೇಕಾಗಿಲ್ಲ. ಯಂತ್ರದ ಗುರುತಿನ ಸಂಖ್ಯೆ ಬೇಕಿತ್ತು. ಪೀಠಸೇವಕ ಹುಡುಗನೊಬ್ಬ ಬಸ್ ನಿಲ್ದಾಣಕ್ಕೆ ಸೈಕಲ್ಲಿನಲ್ಲಿ ಹೋಗಿ, ಯಂತ್ರದ ಮೇಲೆ ಅಂಟಿಸಿದ್ದ ಚೀಟಿಯಿಂದ ಅದನ್ನು ಅಂಗೈ ಮೇಲೆ ಬರೆದುಕೊಂಡು ಬಂದ. ಹಿಂದೆ ಶಾಖೆಗೆ ಹೋದ ದಿನಗಳನ್ನೂ ಬಂದ ಉತ್ತರವನ್ನೂ ಸೇರಿಸಿದೆವು. ಆಮೇಲೆ ಮೂರು ವಿಷಯ ಕೇಳಿದೆವು: ಆ ವ್ಯವಹಾರದ ಬಗ್ಗೆ ಯಂತ್ರ ಬರೆದಿಟ್ಟ ದಾಖಲೆಯ ಪ್ರತಿ, ಆ ಅವಧಿಯ ನಗದು ತಾಳೆ ಪಟ್ಟಿ, ಕ್ಯಾಮೆರಾ ಚಿತ್ರದ ಪರಿಶೀಲನೆ. ಎರಡು ಪ್ರತಿ ಮಾಡಿ ಜುಲೈ 6ರಂದು ಒಟ್ಟಿಗೆ ಹೋದೆವು.

ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದೇ ಕಷ್ಟವಾಯಿತು. "ಎಲ್ಲ ಕಂಪ್ಯೂಟರಿನಲ್ಲಿದೆ, ಪತ್ರ ಯಾಕೆ?" ಎಂದರು ಗುಮಾಸ್ತರು. ಕಂಪ್ಯೂಟರಿನಲ್ಲಿ ಇರುವುದೇ ತಪ್ಪು ಎಂಬುದಲ್ಲವೇ ನಮ್ಮ ದೂರು! ಕೊನೆಗೆ ವ್ಯವಸ್ಥಾಪಕರ ಕೊಠಡಿಗೆ ಹೋದೆವು. ಬೇರೆ ರಾಜ್ಯದಿಂದ ವರ್ಗವಾಗಿ ಬಂದ ಯುವತಿ, ಕನ್ನಡವನ್ನು ಇನ್ನೂ ಕಲಿಯುತ್ತಿದ್ದವರು. ಅವರ ಬಾಗಿಲ ಹೊರಗೆ ಸಾಲುಗಟ್ಟಿ ನಿಂತಿದ್ದ ಜನರನ್ನು ಕಂಡಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಅವರು ಪತ್ರವನ್ನು ಪೂರ್ತಿ ಓದಿದರು. ಮೊದಲ ಬಾರಿಗೆ ಒಬ್ಬರು ಪೂರ್ತಿ ಓದಿದರು.

ಯಂತ್ರ ಹೇಗೆ ತಪ್ಪುತ್ತದೆ ಎಂಬುದನ್ನು ವಿವರಿಸಿದವರೂ ಅವರೇ. ನೋಟುಗಳು ಒಳಗಿನ ಪೆಟ್ಟಿಗೆಗಳಲ್ಲಿರುತ್ತವೆ. ಯಂತ್ರ ಅವುಗಳನ್ನು ಎಳೆದು, ಎಣಿಸಿ, ಬಾಗಿಲಿನತ್ತ ತಳ್ಳುತ್ತದೆ. ನಡುವೆ ನೋಟು ಸಿಕ್ಕಿಕೊಂಡರೆ ಒಳಗಿನ ತಿರಸ್ಕೃತ ನೋಟುಗಳ ಡಬ್ಬಿಗೆ ಬೀಳಬಹುದು. ಅಷ್ಟರಲ್ಲಿ ಖಾತೆಯಿಂದ ಹಣ ಕಳೆದಾಗಿರುತ್ತದೆ. ದೂರು ಹೋದಾಗ ಕಾರ್ಡಿನ ಬ್ಯಾಂಕು ಯಂತ್ರದ ಬ್ಯಾಂಕನ್ನು ಕೇಳುತ್ತದೆ. ಅವರು ದಾಖಲೆ ನೋಡಿ "ಯಶಸ್ವಿ" ಎಂದು ಕಂಡರೆ ಹಾಗೆಯೇ ಉತ್ತರಿಸುತ್ತಾರೆ. ಆದರೆ ಹಣ ತುಂಬುವವರು ಬಂದು ಪೆಟ್ಟಿಗೆ ತೆರೆದು ಎಣಿಸಿದಾಗ ಹೊರಗೆ ಹೋಗದ ನೋಟುಗಳು ಲೆಕ್ಕಕ್ಕಿಂತ ಹೆಚ್ಚಾಗಿ ಉಳಿದಿರಲೇಬೇಕು. ಆದ್ದರಿಂದ ಕೇಳಬೇಕಾದದ್ದು ಆ ತಾಳೆ ಪಟ್ಟಿಯನ್ನೇ. ತಾಯಿ ಇದನ್ನು ಬಹಳ ಗಮನವಿಟ್ಟು ಕೇಳಿ, "ಹಾಗಾದರೆ ನನ್ನ ದುಡ್ಡು ಅದರ ಹೊಟ್ಟೆಯಲ್ಲೇ ಇತ್ತು" ಎಂದರು. ವ್ಯವಸ್ಥಾಪಕರು ನಕ್ಕು ಮೊಹರು ಒತ್ತಿದರು.

ಆ ಮೊಹರಿಗೆ ಬೆಲೆಯಿದೆ. ಬರವಣಿಗೆಯಲ್ಲಿ ದೂರು ಕೊಟ್ಟು ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. 1995ರಲ್ಲಿ ಬ್ಯಾಂಕುಗಳಿಗಾಗಿ ಆರಂಭವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಬೇರೆ ಹಣಕಾಸು ಸಂಸ್ಥೆಗಳ ದೂರುಗಳೊಂದಿಗೆ ಒಂದೇ ಯೋಜನೆಯಡಿ ತರಲಾಯಿತು. ಶುಲ್ಕವಿಲ್ಲ. ಅಂಚೆಯ ದೂರುಗಳಿಗಾಗಿ ಚಂಡೀಗಢದಲ್ಲಿ ತೆರೆದ ಕೇಂದ್ರವು ಯಾವುದೇ ಭಾಷೆಯ ಪತ್ರವನ್ನು ಸ್ವೀಕರಿಸುವುದೆಂದು ಆಗಲೇ ಪ್ರಕಟಿಸಿದ್ದರು. ಇಂಗ್ಲಿಷ್ ಬಾರದೆಂದು ನಮ್ಮ ಅಜ್ಜಿಯಂದಿರು ಸುಮ್ಮನಿರಬೇಕಾಗಿಲ್ಲ. (ವಂಚಕರ ಕರೆ ನಂಬಿ ಹೋದ ಹಣದ ದಾರಿ ಬೇರೆ. ಅಲ್ಲಿ ಪತ್ರ ಬರೆಯುತ್ತ ಕೂರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.)

ನಮ್ಮ ಪ್ರಕರಣ ಅಲ್ಲಿಯವರೆಗೆ ಹೋಗಲಿಲ್ಲ. ಜುಲೈ 27ರಂದು ಹತ್ತು ಸಾವಿರ ಖಾತೆಗೆ ಮರಳಿತು. ಎರಡು ದಿನದ ಬಳಿಕ ಪತ್ರವೂ ಬಂತು: ಮರುಪರಿಶೀಲನೆಯಲ್ಲಿ ಯಂತ್ರದಲ್ಲಿ ಹೆಚ್ಚುವರಿ ನಗದು ಕಂಡುಬಂದಿದೆ. ಎರಡೇ ಸಾಲು. ಆ ತಾಯಿ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಮನೆಗೆ ಒಯ್ದು, ಏನೂ ಹೇಳದೆ ಮಗನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟರಂತೆ.

ಉಳಿದದ್ದು ಪರಿಹಾರ. ಜೂನ್ 15ಕ್ಕೆ ಗಡುವು ಮುಗಿದಿತ್ತು, ಅಲ್ಲಿಂದ ನಲವತ್ತೆರಡು ದಿನ ತಡ. ಲೆಕ್ಕ ಹಾಕಿದರೆ 4,200 ರೂಪಾಯಿ. ಅದು ಜಮೆಯಾಗಿರಲಿಲ್ಲ. ಕೇಳೋಣವೆಂದರೆ ಆ ತಾಯಿಗೆ ಸಂಕೋಚ. "ನನ್ನದು ಬಂತಲ್ಲ ಸ್ವಾಮಿ, ಬಡ್ಡಿ ಯಾಕೆ?" ಎಂದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತಿದ್ದ ಒಬ್ಬಿಬ್ಬರೂ ಇದು ಅತಿಯಾಸೆಯಾಯಿತು ಎಂದು ಆಡಿಕೊಂಡರು. ನನಗೆ ಹಾಗೆ ಅನಿಸಲಿಲ್ಲ, ಇಂದಿಗೂ ಅನಿಸುವುದಿಲ್ಲ. ಸಾಲದ ಕಂತು ಒಂದು ದಿನ ತಡವಾದರೆ ನಮ್ಮಿಂದ ದಂಡ ವಸೂಲು ಮಾಡುವಾಗ ಯಾರೂ ಅದನ್ನು ಅತಿಯಾಸೆ ಎನ್ನುವುದಿಲ್ಲ. ಇಂಥ ಪರಿಹಾರ ಕೊಡಬೇಕಾದಾಗಲೇ ಮುಂದಿನ ಅಜ್ಜಿಯ ಹಣ ಬೇಗ ಮರಳುತ್ತದೆ. ನಾನು ಇಷ್ಟು ಹೇಳಿ, ನಿರ್ಧಾರವನ್ನು ಅವರಿಗೇ ಬಿಟ್ಟೆ. ಎರಡು ವಾರ ಯೋಚಿಸಿದರು. ಆಮೇಲೆ ಎರಡನೆಯ ಪತ್ರವನ್ನು ತಮ್ಮ ಕೈಬರಹದಲ್ಲಿಯೇ, ಗುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದರು.

ಮಗ ತಾಯಿಯ ಕ್ಷಮೆ ಕೇಳಿದನೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ, ನಾನೂ ವಿಚಾರಿಸಲಿಲ್ಲ. ಆ ಎರಡನೆಯ ಪತ್ರವನ್ನು ಬ್ಯಾಂಕಿಗೆ ಒಯ್ದವನು ಅವನು. ಅರ್ಧ ದಿನದ ರಜೆ ಹಾಕಿ, ತಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಮೊಹರು ಬೀಳುವವರೆಗೆ ಕಿಟಕಿಯ ಮುಂದೆ ನಿಂತಿದ್ದನಂತೆ. ಆಗಸ್ಟ್ 18ರಂದು 4,200 ರೂಪಾಯಿ ಜಮೆಯಾಯಿತು. ಮೊಮ್ಮಗಳ ಶುಲ್ಕವನ್ನು ಜೂನ್ ತಿಂಗಳಿನಲ್ಲಿಯೇ ನೆರೆಯವರಿಂದ ಸಾಲ ತಂದು ಕಟ್ಟಿದ್ದರು. ಆ ಸಾಲ ತೀರಿತು. ಈಗಲೂ ಆ ತಾಯಿ ಪ್ರತಿ ತಿಂಗಳು ಪಾಸ್‌ಬುಕ್ಕನ್ನು ಮುದ್ರಿಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದುತ್ತಾರೆ.