ನಗದ ಮುಖದ ಬೆನ್ನು ಹತ್ತಿ

ಹಾಲಿವುಡ್‌ಗೆ ಬಂದವರೆಲ್ಲ ಫುಟ್‌ಪಾತಿನ ಮೇಲಿನ ನಕ್ಷತ್ರಗಳಲ್ಲಿ ಹೆಸರು ಹುಡುಕುತ್ತ ತಲೆ ತಗ್ಗಿಸಿ ನಡೆಯುತ್ತಿದ್ದರು. ನಾವು ಹಾಲಿವುಡ್ ಬುಲೆವಾರ್ಡಿನಿಂದ ದಕ್ಷಿಣಕ್ಕೆ ತಿರುಗಿ, ಕಹುಯೆಂಗಾ ರಸ್ತೆಗೂ ಕಾಸ್ಮೋ ಬೀದಿಗೂ ನಡುವೆ ಇರುವ ಒಂದು ಓಣಿಯ ಬಾಯಿಗೆ ಬಂದು ನಿಂತೆವು. ಎರಡೂ ಕಡೆ ಇಟ್ಟಿಗೆ ಗೋಡೆ, ಅಂಗಡಿಗಳ ಹಿಂಬಾಗಿಲು. ಕಾರು ಓಡಿಸುತ್ತಿದ್ದ ನನ್ನ ಅಕ್ಕನ ಮಗಳು, "ಮಾಮ, ಇದನ್ನ ನೋಡೋಕಾ ಇಷ್ಟು ದೂರ ಬಂದಿದ್ದು?" ಅಂದಳು.

ಇದನ್ನೇ ನೋಡಲು. ಜಾನ್ ಬೆಂಗ್ಟ್‌ಸನ್ ಎಂಬ ಸಂಶೋಧಕರು ಹಳೆಯ ಮೂಕಿಚಿತ್ರಗಳ ಒಂದೊಂದೇ ಫ್ರೇಮನ್ನು ಹಳೆಯ ಫೋಟೊ, ನಕ್ಷೆಗಳ ಪಕ್ಕದಲ್ಲಿಟ್ಟು ತಾಳೆ ನೋಡಿ, ಈ ಓಣಿಯ ಗುರುತು ಹಿಡಿದರು. ಚಾಪ್ಲಿನ್ 1921ರ ‘ದಿ ಕಿಡ್’ಗೆ, ಹೆರಾಲ್ಡ್ ಲಾಯ್ಡ್ 1923ರ ‘ಸೇಫ್ಟಿ ಲಾಸ್ಟ್’ಗೆ ಇಲ್ಲೇ ಕ್ಯಾಮೆರಾ ಇಟ್ಟಿದ್ದರು. ನಡುವೆ, 1922ರ ‘ಕಾಪ್ಸ್’ನಲ್ಲಿ, ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಪೊಲೀಸರಿಂದ ತಪ್ಪಿಸಿಕೊಂಡು ಓಡಿಬಂದದ್ದೂ ಇಲ್ಲಿಗೇ. ಪಕ್ಕದಲ್ಲಿ ಹಾದುಹೋಗುವ ಕಾರನ್ನು ಅವನು ಒಂದೇ ಕೈಯಲ್ಲಿ ಹಿಡಿಯುತ್ತಾನೆ. ಮರುಕ್ಷಣ ಕಾಲೆರಡೂ ನೆಲ ಬಿಟ್ಟು, ಇಡೀ ದೇಹ ಗಾಳಿಯಲ್ಲಿ ಅಡ್ಡವಾಗಿ, ಕಾರಿನ ಜೊತೆ ಹಾರಿ ಕಣ್ಮರೆಯಾಗುತ್ತದೆ. ಅಲ್ಲೇ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಆ ದೃಶ್ಯ ಹಾಕಿದೆ. ಹುಡುಗಿ ಮೂರು ಸಲ ಹಿಂದಕ್ಕೆ ಎಳೆದೆಳೆದು ನೋಡಿದಳು. "ಕೈ ಕಿತ್ತು ಬರಲಿಲ್ವಾ ಮಾಮ?" ಎಂದಳು. ಅಷ್ಟು ಸಾಕಿತ್ತು. ಅಲ್ಲಿಂದ ಮುಂದೆ ಪ್ರಯಾಣ ಇಬ್ಬರದೂ ಆಯಿತು.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕಾನ್ಸಸ್‌ನ ಪಿಕ್ವಾ ಎಂಬ ಪುಟ್ಟ ಊರಿನಲ್ಲಿ. ಅದೇನೂ ಅವರ ಊರಲ್ಲ. ಅಪ್ಪ ಅಮ್ಮ ತಿರುಗಾಟದ ಮೇಳದೊಂದಿಗೆ ಆ ಹೊತ್ತಿಗೆ ಅಲ್ಲಿದ್ದರು. ಮಾತು ಸರಿಯಾಗಿ ಬರುವ ಮೊದಲೇ ಮಗು ರಂಗದ ಮೇಲಿತ್ತು. ಅವನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದು, ಅಪ್ಪ ಅದನ್ನು ಹಿಡಿದೇ ಹುಡುಗನನ್ನು ಪರದೆಯ ಮೇಲೆ, ಕೆಲವೊಮ್ಮೆ ಪ್ರೇಕ್ಷಕರತ್ತಲೂ ಎಸೆಯುತ್ತಿದ್ದ. ಬಿದ್ದವನು ನಕ್ಕರೆ ಜನ ನಗುವುದಿಲ್ಲ, ಮುಖ ಬಿಗಿಹಿಡಿದು ಎದ್ದು ನಿಂತರೆ ಚಾವಣಿ ಹಾರಿಹೋಗುವಂತೆ ನಗುತ್ತಾರೆ ಎಂಬುದನ್ನು ಹುಡುಗ ಬೇಗ ಕಂಡುಕೊಂಡ. ಜಗತ್ತು ಮೆಚ್ಚಿದ ಆ ಕಲ್ಲುಮುಖ ಹುಟ್ಟಿದ್ದು ಹಾಗೆ. ನಮ್ಮ ಹಾಸ್ಯನಟ ನರಸಿಂಹರಾಜು ಕೂಡ ಎಳವೆಯಲ್ಲೇ ನಾಟಕದ ಕಂಪನಿ ಸೇರಿ ಬೆಳೆದವರು. ಕಂಪನಿಯ ಮಕ್ಕಳ ಮೈಗೆ ಹತ್ತುವ ವಿದ್ಯೆ ಬೇರೆಯೇ. ದೊಡ್ಡವರಾದ ಮೇಲೆ ಕಲಿಯಹೊರಟವರಿಗೆ ಅದು ದಕ್ಕುವುದಿಲ್ಲ ಎಂದೇ ನನ್ನ ನಂಬಿಕೆ.

1917ರಲ್ಲಿ ‘ದಿ ಬುಚರ್ ಬಾಯ್’ ಮೂಲಕ ಸಿನಿಮಾಕ್ಕೆ ಬಂದ ಕೀಟನ್, 1920ರ ಹೊತ್ತಿಗೆ ಚಾಪ್ಲಿನ್ ಬಿಟ್ಟುಹೋದ ಸ್ಟುಡಿಯೊದಲ್ಲೇ ತನ್ನ ಸ್ವಂತ ತಂಡ ಕಟ್ಟಿದ. ಲಿಲಿಯನ್ ವೇ ಎಂಬ ಆ ಬೀದಿಗೂ ಹೋದೆವು. ಸ್ಟುಡಿಯೊ ಈಗಿಲ್ಲ. ಅಲ್ಲಿ ತಯಾರಾದ ಚಿತ್ರಗಳಲ್ಲಿ ತನ್ನ ತಲೆಯ ಮೇಲೆ ಕಾಣುವ ಚಪ್ಪಟೆ ಟೋಪಿಯನ್ನು ಕೀಟನ್ ತಾನೇ ಮಾಡಿಕೊಳ್ಳುತ್ತಿದ್ದ. ಮಾಮೂಲಿ ಫೆಲ್ಟ್ ಹ್ಯಾಟನ್ನು ಕತ್ತರಿಸಿ, ಅಂಚಿಗೆ ಸಕ್ಕರೆ ನೀರು ಸವರಿ ಗಟ್ಟಿ ಮಾಡುತ್ತಿದ್ದ.

ಲಾಸ್ ಏಂಜಲೀಸಿನಿಂದ ಐದನೇ ನಂಬರ್ ಹೆದ್ದಾರಿ ಹಿಡಿದೆವು. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಈ ದಾರಿಯಲ್ಲೇ ಕೀಟನ್‌ನ ಎರಡು ಮಹಾ ಸಾಹಸಗಳ ಜಾಗಗಳು ಸಿಗುತ್ತವೆ. ಟೆಹೋನ್ ಕಣಿವೆಯ ಏರು ಹತ್ತಿ ಇಳಿದರೆ ಮುಂದೆ ಬರೀ ಬಯಲು. ಗಂಟೆಗಟ್ಟಲೆ ಬಾದಾಮಿ ತೋಟಗಳ ಸಾಲು. ಆ ಉದ್ದದ ದಾರಿಯಲ್ಲಿ ಅಕ್ಕನ ಮಗಳಿಗೆ ಅವನ ಉಳಿದ ಕಥೆ ಹೇಳಿದೆ.

1928ರಲ್ಲಿ ಅವನು ಎಂಜಿಎಂ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ. ಮೊದಲೆಲ್ಲ ಬರೆದ ಚಿತ್ರಕಥೆ ಇಲ್ಲದೆ, ಜಾಗಕ್ಕೆ ಹೋಗಿ ನಿಂತು ನಗೆ ಹುಡುಕುತ್ತಿದ್ದವನಿಗೆ ಈಗ ಪ್ರತಿ ಹೆಜ್ಜೆಗೂ ಯಾರದೋ ಒಪ್ಪಿಗೆ ಬೇಕಾಯಿತು. ಮಾತಿನ ಚಿತ್ರಗಳು ಬಂದವು. ಕುಡಿತ ಹತ್ತಿತು, ಸಂಸಾರ ಮುರಿಯಿತು, 1933ರಲ್ಲಿ ಕೆಲಸವೂ ಹೋಯಿತು. ಕೆಲವು ವರ್ಷಗಳ ಮೇಲೆ ಅದೇ ಕಂಪನಿಗೆ ಬೇರೆಯವರ ಚಿತ್ರಗಳಿಗೆ ನಗೆಯ ಉಪಾಯ ಹೇಳುವ ಸಂಬಳದಾಳಾಗಿ ಮರಳಿದ. ಅನೇಕರು ಅವನ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ನಿಟ್ಟುಸಿರು ಬಿಡುತ್ತಾರೆ. ನನಗೆ ಬೆರಗು ಶುರುವಾಗುವುದು ಇಲ್ಲಿಂದ ಮುಂದೆ.

1949ರ ‘ಇನ್ ದ ಗುಡ್ ಓಲ್ಡ್ ಸಮರ್‌ಟೈಮ್’ ಚಿತ್ರದಲ್ಲಿ ಒಂದು ಪಿಟೀಲು ಮುರಿಯಬೇಕಿತ್ತು. ಮುರಿದದ್ದು ಸಹಜವಾಗಿಯೂ ಇರಬೇಕು, ನಗುವೂ ಬರಬೇಕು. ಉಪಾಯ ಹೇಳು ಎಂದು ಕೀಟನ್‌ನನ್ನು ಕೇಳಿದರು. ಅವನು ಬೀಳುವ ಬಗೆ ಮಾಡಿ ತೋರಿಸಿದ. ನೋಡಿದವರಿಗೆ ಇದನ್ನು ಇನ್ನೊಬ್ಬ ನಟನಿಂದ ಮಾಡಿಸಲಾಗದು ಎಂದು ಹೊಳೆಯಿತು. ಆ ಪಾತ್ರವನ್ನೇ ಅವನಿಗೆ ಕೊಟ್ಟರು. ಜೂಡಿ ಗಾರ್ಲಂಡ್ ನಾಯಕಿಯಾಗಿದ್ದ ಆ ಚಿತ್ರದಲ್ಲಿ ಕೀಟನ್ ಸಂಗೀತದ ಅಂಗಡಿಯ ಒಬ್ಬ ಗುಮಾಸ್ತ. ಪೋಷಕ ಪಾತ್ರಗಳ ಅವನ ಎರಡನೇ ಬಾಳು ಹೀಗೆ ಕುದುರಿಕೊಂಡಿತು. 1950ರ ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ಇಸ್ಪೀಟಿನ ಮೇಜಿನ ಮುಂದೆ ಕೂತ ಹಳೆಯ ತಾರೆಯರಲ್ಲಿ ಅವನೊಬ್ಬ, ‘ಪಾಸ್’ ಎನ್ನುವುದಷ್ಟೇ ಅವನ ಮಾತು. 1952ರಲ್ಲಿ ಚಾಪ್ಲಿನ್‌ನ ‘ಲೈಮ್‌ಲೈಟ್’ನಲ್ಲಿ ಪಿಯಾನೊ ನುಡಿಸುವವ. 1956ರ ‘ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್’ನಲ್ಲಿ ರೈಲಿನ ಕಂಡಕ್ಟರ್. ಟಿವಿಗೂ ಹೋದ, ಜಾಹೀರಾತಿಗೂ ಹೋದ. ಎಷ್ಟು ಚಿಕ್ಕ ಪಾತ್ರವಾದರೂ ಅವನು ನಡೆದು ಬರುವ ರೀತಿಯಲ್ಲಿ ಒಂದಿಷ್ಟೂ ಅಸಡ್ಡೆ ಕಾಣುವುದಿಲ್ಲ. ಒಂದು ಕಾಲಕ್ಕೆ ಇಡೀ ಚಿತ್ರವನ್ನು ಹೊತ್ತವನು ಅರ್ಧ ನಿಮಿಷದ ಪಾತ್ರಕ್ಕೂ ಅಷ್ಟೇ ಮೈ ಕೊಡುತ್ತಾನೆ. ಅವನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ಗುಣವನ್ನು.

ಸ್ಯಾಕ್ರಮೆಂಟೊ ತಲುಪಿದಾಗ ಸಂಜೆಯಾಗಿತ್ತು. ನದಿಯ ದಡಕ್ಕೆ ನಡೆದೆವು. 1927ರಲ್ಲಿ ಈ ನದಿಯ ಆಚೆ ದಡದಲ್ಲಿ ಕೀಟನ್‌ನ ತಂಡ ಒಂದಿಡೀ ಊರನ್ನೇ ಕಟ್ಟಿ ನಿಲ್ಲಿಸಿತ್ತು. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ ಕೊನೆಗೆ ಪ್ರವಾಹ ಬರುವುದೆಂದು ಮೊದಲು ಯೋಚಿಸಿದ್ದರು. ಆ ವರ್ಷ ಮಿಸಿಸಿಪ್ಪಿ ಉಕ್ಕಿ ಸಾವಿರಾರು ಜನರ ಬದುಕು ಕೊಚ್ಚಿಹೋಗಿತ್ತು. ಅದನ್ನು ನಗೆಯ ವಸ್ತು ಮಾಡುವುದು ಬೇಡವೆಂದು ಪ್ರವಾಹದ ಬದಲು ಚಂಡಮಾರುತ ತಂದರು. ವಿಮಾನದ ಎಂಜಿನ್‌ಗಳಿಂದ ಗಾಳಿ ಎಬ್ಬಿಸಿದರು. ಆ ಗಾಳಿಯಲ್ಲಿ ಕೀಟನ್ ಬೀದಿಯ ನಡುವೆ ದಿಕ್ಕು ತೋಚದೆ ನಿಂತಿದ್ದಾನೆ. ಅವನ ಹಿಂದಿನ ಎರಡಂತಸ್ತಿನ ಮನೆಯ ಇಡೀ ಮುಂಗೋಡೆ ಕಳಚಿ ಅವನ ಮೇಲೆ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿ ಸರಿಯಾಗಿ ಅವನಿರುವಲ್ಲೇ ಇಳಿಯುತ್ತದೆ. ಸುತ್ತ ಧೂಳು, ನಡುವೆ ಅವನು ನಿಂತೇ ಇದ್ದಾನೆ.

"ಡ್ಯೂಪ್ ಇರ್ಬೇಕು ಅಲ್ವಾ ಮಾಮ?"

ಇಲ್ಲ. ಟ್ರಿಕ್ ಕೂಡ ಇಲ್ಲ. ಭಾರದ ಗೋಡೆಯನ್ನೇ ಮಾಡಿಸಿದ್ದರು. ಹಗುರಾದರೆ ಗಾಳಿಗೆ ಓಲಾಡಿ ದಿಕ್ಕು ತಪ್ಪುತ್ತಿತ್ತು. ಅವನ ಪಾದ ಎಲ್ಲಿರಬೇಕೆಂದು ನೆಲದಲ್ಲಿ ಗುರುತು ಹಾಕಿದ್ದರು. ತಲೆಗೂ ಭುಜಕ್ಕೂ ಕಿಟಕಿಯ ಚೌಕಟ್ಟಿಗೂ ನಡುವೆ ಕೆಲವೇ ಅಂಗುಲ. ಒಂದು ಹೆಜ್ಜೆ ಆಚೀಚೆಯಾಗಿದ್ದರೆ ಬಸ್ಟರ್ ಕೀಟನ್ ಎಂಬ ಮನುಷ್ಯ ಆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿದ್ದ. ಮೂರು ವರ್ಷ ಮೊದಲು ‘ಶೆರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ರೈಲಿಗೆ ನೀರು ತುಂಬುವ ಟ್ಯಾಂಕಿನ ಕೆಳಗೆ ಬಿದ್ದು ಅವನ ಕತ್ತಿನ ಮೂಳೆ ಮುರಿದಿತ್ತು. ತಲೆನೋವೆಂದುಕೊಂಡು ಕೆಲಸ ಮುಂದುವರಿಸಿದ. ಮುರಿದದ್ದು ಗೊತ್ತಾದದ್ದು ವರ್ಷಗಳ ಮೇಲೆ, ಎಕ್ಸ್‌ರೇ ತೆಗೆಸಿದಾಗ.

ಉತ್ತರಕ್ಕೆ ಹೋದಂತೆ ಬಯಲು ಮುಗಿದು ಬೆಟ್ಟಗಳು ಬಂದವು. ಹಿಮ ಹೊದ್ದ ಶಾಸ್ತಾ ಪರ್ವತ ಎಷ್ಟೋ ಹೊತ್ತು ಕಾರಿನ ಗಾಜಿನಲ್ಲೇ ಇತ್ತು. ಆರೆಗನ್ ಗಡಿ ದಾಟಿದ ಮೇಲೆ ಎಲ್ಲೆಲ್ಲೂ ಫರ್ ಮರಗಳು, ಒದ್ದೆ ನೆಲ. ನಾವು ಹೊರಟಿದ್ದದ್ದು ಕಾಟೇಜ್ ಗ್ರೋವ್ ಎಂಬ ಸಣ್ಣ ಪಟ್ಟಣಕ್ಕೆ. ಅಲ್ಲಿ ಗೋಡೆಯೊಂದರ ಮೇಲೆ ಆಳೆತ್ತರದ ಕೀಟನ್ ಬಣ್ಣದಲ್ಲಿ ನಿಂತಿದ್ದಾನೆ, ಜೊತೆಗೆ ಅವನ ರೈಲು. ಊರಿನ ಜನ ಅವನನ್ನು ತಮ್ಮವನೆಂದೇ ಕರೆಯುತ್ತಾರೆ.

‘ದಿ ಜನರಲ್’ ಚಿತ್ರ ತಯಾರಾದದ್ದು ಇಲ್ಲಿ, 1926ರ ಬೇಸಿಗೆಯಲ್ಲಿ. 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಉತ್ತರದ ಗೂಢಚಾರರು ದಕ್ಷಿಣದ ಒಂದು ರೈಲು ಎಂಜಿನ್ ಕದ್ದು ಓಡಿದ ನಿಜ ಘಟನೆ ಅದರ ಬೇರು. ಹಳೆಯ ಕಾಲದ ಸೌದೆ ಉರಿಸುವ ಎಂಜಿನ್‌ಗಳಿಗೆ ಒಪ್ಪುವ ಹಳಿ ಈ ಮರದ ವ್ಯಾಪಾರದ ಊರಿನಲ್ಲಿ ಸಿಕ್ಕಿತು. ಆರೆಗನ್ ನ್ಯಾಷನಲ್ ಗಾರ್ಡಿನ ಸೈನಿಕರು ಬಂದರು. ಒಮ್ಮೆ ಉತ್ತರದ ಸಮವಸ್ತ್ರ ಹಾಕಿ ಒಂದು ದಿಕ್ಕಿಗೆ, ಮತ್ತೊಮ್ಮೆ ದಕ್ಷಿಣದ್ದು ಹಾಕಿ ಇನ್ನೊಂದು ದಿಕ್ಕಿಗೆ ಅವರೇ ಓಡಿದರು. ಎಂಜಿನ್ನಿನ ಕಿಡಿಯಿಂದ ಕಾಡಿಗೆ ಬೆಂಕಿ ಬಿದ್ದಾಗ ಸೈನಿಕರೂ ಚಿತ್ರತಂಡದವರೂ ಸೇರಿ ನಂದಿಸಿದರು. ಜುಲೈ 23ರಂದು ರೌ ನದಿಯ ಮೇಲೆ ಮರದ ಸೇತುವೆಗೆ ಬೆಂಕಿ ಇಟ್ಟು, ನಿಜವಾದ ಉಗಿಬಂಡಿಯೊಂದನ್ನು ಅದರ ಮೇಲೆ ಓಡಿಸಿದರು. ನೋಡಲು ಊರಿಗೆ ಊರೇ ರಜೆ ಹಾಕಿ ಬಂದಿತ್ತು. ಸೇತುವೆ ಕುಸಿಯಿತು, ಎಂಜಿನ್ ನದಿಗೆ ಬಿತ್ತು. ಅದೊಂದೇ ಶಾಟಿಗೆ ಆ ಕಾಲದ 42,000 ಡಾಲರ್ ಆಯಿತೆನ್ನುತ್ತಾರೆ. ಎತ್ತುವವರಿಲ್ಲದೆ ಎಂಜಿನ್ ನದಿಯಲ್ಲೇ ಬಿದ್ದಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಗುಜರಿಗೆ ಹೋಯಿತು.

ಆ ರೈಲುಹಾದಿ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ದಾರಿ. ಹಳಿ ಕಿತ್ತು ಟಾರು ಹಾಕಿದ್ದಾರೆ. ಸೈಕಲ್ ಬಾಡಿಗೆಗೆ ಪಡೆದು ಹೊರಟೆವು. ಕೀಟನ್ ಮನಸ್ಸು ಮುರಿದು ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಕೂರುವ ದೃಶ್ಯ ನನ್ನ ಕಣ್ಣೆದುರೇ ಇತ್ತು. ಎಂಜಿನ್ ಮೆಲ್ಲಗೆ ಹೊರಡುತ್ತದೆ, ದಂಡ ಅವನನ್ನು ಮೇಲೆತ್ತಿ ಕೆಳಗಿಳಿಸಿ ಮತ್ತೆ ಎತ್ತುತ್ತದೆ. ಅವನಿಗೆ ಗೊತ್ತೇ ಆಗುವುದಿಲ್ಲ. ಚಕ್ರ ಸ್ವಲ್ಪ ಜಾರಿ ವೇಗವಾಗಿ ತಿರುಗಿದ್ದರೂ ಅವನ ಪ್ರಾಣ ಹೋಗುತ್ತಿತ್ತು. ಪ್ರೇಮದಲ್ಲಿ ಸೋತವನ ಮಂಕನ್ನು ಇಷ್ಟು ಸರಳವಾಗಿ, ಇಷ್ಟು ಚೆಂದವಾಗಿ ಇನ್ನಾವ ಸಿನಿಮಾವೂ ತೋರಿಸಿಲ್ಲ. ‘ದಿ ಜನರಲ್’ ಬಿಡುಗಡೆಯಾದಾಗ ವಿಮರ್ಶಕರು ಮೆಚ್ಚಲಿಲ್ಲ, ಹಾಕಿದ ದುಡ್ಡಿಗೆ ತಕ್ಕ ಗಳಿಕೆಯೂ ಬರಲಿಲ್ಲ. ಅವನ ಸ್ವಾತಂತ್ರ್ಯ ಕಳೆದುಹೋಗಲು ಅದೂ ಒಂದು ಕಾರಣ. ವಿಮರ್ಶಕರ ಅಂದಿನ ತೀರ್ಪು ತಪ್ಪು ಎಂದು ಆ ದಾರಿಯಲ್ಲಿ ನಿಂತು ಧೈರ್ಯವಾಗಿ ಹೇಳಬಲ್ಲೆ.

ಕೀಟನ್ ಮತ್ತೊಮ್ಮೆ ಹಳಿಯ ಮೇಲೆ ಬಂದ, 38 ವರ್ಷಗಳ ನಂತರ. ಅದಕ್ಕೆ ಸ್ವಲ್ಪ ಮೊದಲು, 1964ರಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ, ಸ್ಯಾಮುಯೆಲ್ ಬೆಕೆಟ್ ಬರೆದ ‘ಫಿಲ್ಮ್’ನಲ್ಲಿ, ಕೊನೆಯ ಕ್ಷಣದವರೆಗೆ ಮುಖ ತೋರಿಸದ ಪಾತ್ರ ಮಾಡಿದ. ಅದೇ ವರ್ಷ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ಜೆರಾಲ್ಡ್ ಪಾಟರ್ಟನ್ ನಿರ್ದೇಶಿಸಿದ ‘ದಿ ರೈಲ್‌ರಾಡರ್’ನಲ್ಲಿ, ಹಳಿ ತಪಾಸಣೆಯ ಪುಟ್ಟ ಮೋಟಾರು ಗಾಡಿಯಲ್ಲಿ ಒಬ್ಬನೇ ಕೂತು ಇಡೀ ಕೆನಡಾ ದಾಟಿದ. ವಯಸ್ಸು 69. ಎತ್ತರದ ಸೇತುವೆಯ ಮೇಲೆ ಗಾಡಿ ಓಡುವಾಗ ದೊಡ್ಡ ನಕ್ಷೆ ಬಿಚ್ಚಿ ಅದರಲ್ಲೇ ಸಿಕ್ಕಿಹಾಕಿಕೊಳ್ಳುವ ನಗೆಯನ್ನು ಹೊಸೆದವನು ಅವನೇ. ಅಪಾಯವೆಂದು ನಿರ್ದೇಶಕರು ಹಿಂಜರಿದಾಗ ವಾದಿಸಿ ಮಾಡಿದ. 1966ರ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಅದಕ್ಕೆ ಕೆಲವೇ ತಿಂಗಳ ಹಿಂದೆ ಸ್ಪೇನಿನಲ್ಲಿ ಇನ್ನೊಂದು ಹಾಸ್ಯಚಿತ್ರದ ಪೋಷಕ ಪಾತ್ರಕ್ಕಾಗಿ ಓಡುತ್ತಿದ್ದ.

ಹಾಲಿವುಡ್ಡಿಗೋ ಆರೆಗನ್ನಿಗೋ ಎಲ್ಲರೂ ಹೋಗಲಾಗದು. ‘ದಿ ರೈಲ್‌ರಾಡರ್’ ಅರ್ಧ ಗಂಟೆಯೂ ಇಲ್ಲ, ಅದರಲ್ಲಿ ಕೀಟನ್‌ಗೆ ಮಾತೂ ಇಲ್ಲ, ಆ ಫಿಲ್ಮ್ ಬೋರ್ಡಿನ ಜಾಲತಾಣದಲ್ಲೇ ನೋಡಬಹುದು. ಮೊದಲು ಅದನ್ನು ನೋಡಿ, ಆಮೇಲೆ ‘ದಿ ಜನರಲ್’. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.